ಕಂಡಕ್ಟರ್‌ಗೆ ಯಾರು ವ್ಯಾಯಾಮ ಮಾಡು ಅಂದಿದ್ದರು?

ಮೊದಲೇ ಹೇಳಿಬಿಡುತ್ತೇನೆ, ನನಗೆ ವ್ಯಾಯಾಮ ಅಂದರೆ ಆಗುವುದಿಲ್ಲ. ಸೋಮಾರಿ ಅನ್ನುವವರು ಅನ್ನಲಿ. ರಾತ್ರಿ ಎರಡರ ತನಕ ಕೂತು ಪ್ರೊಡಕ್ಷನ್ ಇಶ್ಯೂ ಬಿಡಿಸುವುದಕ್ಕೆ ನನಗೆ ಬೇಸರವಿಲ್ಲ, ಮನೆಯಲ್ಲಿ ಪಾತ್ರೆ ತೊಳೆಯುವುದಕ್ಕೂ ಇಲ್ಲ. ಆದರೆ ಟ್ರೆಡ್‌ಮಿಲ್ ಮೇಲೆ, ಎದುರಿನ ಕನ್ನಡಿಯಲ್ಲಿ ನನ್ನದೇ ಮುಖ ನೋಡುತ್ತಾ, ಎಲ್ಲಿಗೂ ಹೋಗದೆ ಅರ್ಧ ಗಂಟೆ ಓಡು ಅಂದರೆ ಜೀವ ಒಪ್ಪುವುದಿಲ್ಲ. ಶಾಲೆಯಲ್ಲಿ ಪಿ.ಟಿ. ಪೀರಿಯಡ್ ಬಂದರೆ ಎಲ್ಲರ ಚಪ್ಪಲಿ, ಚೀಲ ಕಾಯುವ ಕೆಲಸವನ್ನು ಕೇಳಿ ಪಡೆಯುತ್ತಿದ್ದವನು ನಾನು.

ಇಂಥವನು ಬಂದು ಸೇರಿದ್ದು ಪುಣೆಗೆ. ಇಲ್ಲಿರುವ ಓದುಗರಿಗೆ ಗೊತ್ತು, ಈ ಊರಿನ ಜನಕ್ಕೆ ಗುಡ್ಡ ಹತ್ತುವುದೊಂದು ಹುಚ್ಚು. ಬೆಳಿಗ್ಗೆ ಐದೂವರೆಗೇ ವೇತಾಳ ಟೇಕಡಿಯ ಮೇಲೆ ಜಾತ್ರೆ. ಭಾನುವಾರ ಬಂತೆಂದರೆ ಸಿಂಹಗಡ, ಮೇಲೆ ಹೋಗಿ ಪಿಠಲಾ-ಭಾಕರಿ, ಮಡಕೆ ಮೊಸರು. ನಮ್ಮ ಸೊಸೈಟಿಯಲ್ಲಿ ಎಪ್ಪತ್ತು ದಾಟಿದ ಒಬ್ಬರು ಕಾಕಾ ಇದ್ದಾರೆ. ಪರ್ವತಿಯ ನೂರಾ ಮೂರು ಮೆಟ್ಟಿಲು ಹತ್ತಿ ಇಳಿದು, ಬರುವಾಗ ಹಾಲು ತಂದು, ಲಿಫ್ಟ್ ಎದುರು ನಿದ್ದೆಗಣ್ಣಲ್ಲಿ ನಿಂತ ನನ್ನನ್ನು ನೋಡಿ ನಗುತ್ತಾರೆ. ಆ ನಗೆಯಿಂದ ನನಗೆ ಸ್ಫೂರ್ತಿ ಬಂದಿಲ್ಲ, ಸಿಟ್ಟು ಬಂದಿದೆ.

ಹೀಗೇ ನಡೆದುಹೋಗುತ್ತಿತ್ತು. ಹೋದ ವರ್ಷ ಕಂಪನಿಯ ಹೆಲ್ತ್ ಚೆಕಪ್‌ನಲ್ಲಿ ನನ್ನ ಎಚ್‌ಬಿಎ1ಸಿ 6.2 ಬಂತು. ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಪರೀಕ್ಷೆ ಅದು. 5.7ರಿಂದ 6.4ರ ತನಕ ಇದ್ದರೆ ಮಧುಮೇಹದ ಹೊಸ್ತಿಲು, 6.5 ಆದರೆ ಒಳಗೆ. ಐಸಿಎಂಆರ್‌ನವರ ದೇಶವ್ಯಾಪಿ ಅಧ್ಯಯನ 2023ರಲ್ಲಿ ಪ್ರಕಟವಾಯಿತಲ್ಲ, ಅದರ ಪ್ರಕಾರ ಭಾರತದಲ್ಲಿ ಸಕ್ಕರೆ ಕಾಯಿಲೆಯವರು ಸುಮಾರು 10.1 ಕೋಟಿ, ನನ್ನ ಹಾಗೆ ಹೊಸ್ತಿಲಲ್ಲಿ ನಿಂತವರು ಸುಮಾರು 13.6 ಕೋಟಿ. ಇಷ್ಟು ಜನ ಜೊತೆಗಿದ್ದಾರೆ ಅಂತ ಧೈರ್ಯ ತಂದುಕೊಳ್ಳಬಹುದಿತ್ತು. ಆದರೆ ನನ್ನ ಕಣ್ಣೆದುರು ಬಂದದ್ದು ಧಾರವಾಡದ ಮನೆಯಲ್ಲಿರುವ ಅಪ್ಪನ ಎಡಗಾಲು.

ಅಪ್ಪ ಗುಮಾಸ್ತರಾಗಿದ್ದವರು. ಮೂವತ್ತೈದು ವರ್ಷ ಕುರ್ಚಿಯಲ್ಲಿ ಕೂತು ಕೆಲಸ, ಮನೆಗೆ ಬಂದರೆ ಆರಾಮ ಕುರ್ಚಿ. ನಲವತ್ತಾರಕ್ಕೆ ಸಕ್ಕರೆ ಬಂತು. ಮೂರು ವರ್ಷದ ಹಿಂದೆ ಹೊಸ ಚಪ್ಪಲಿ ಕಚ್ಚಿ ಗಾಯವಾಯಿತು. ಪಾದದಲ್ಲಿ ಸ್ಪರ್ಶವೇ ಹೋಗಿದ್ದರಿಂದ ಅವರಿಗೆ ಗೊತ್ತಾಗಲೇ ಇಲ್ಲ. ಕಾಲುಚೀಲಕ್ಕೆ ರಕ್ತ ಹತ್ತಿದ್ದನ್ನು ಅವ್ವ ಒಗೆಯುವಾಗ ನೋಡಿದಳು. ಕೊನೆಗೆ ಎರಡು ಬೆರಳು ತೆಗೆಯಬೇಕಾಯಿತು. ನನ್ನ ಕೆಲಸವೂ ಕುರ್ಚಿಯದೇ. ಅಪ್ಪ ಪೆನ್ನಿನಲ್ಲಿ ಬರೆದರು, ನಾನು ಕೀಬೋರ್ಡ್ ಕುಟ್ಟುತ್ತೇನೆ, ಅಷ್ಟೇ ವ್ಯತ್ಯಾಸ.

ಹೆದರಿಕೆಯಿಂದ ಮನುಷ್ಯ ಎಷ್ಟು ದಿನ ನಡೆಯುತ್ತಾನೆ? ನನ್ನ ಅಂದಾಜಿನಲ್ಲಿ ಹದಿನೈದು ದಿನ. ಹದಿನಾರನೇ ದಿನ ಹೆದರಿಕೆ ಹಳತಾಗುತ್ತದೆ, ಹೊದಿಕೆ ಬೆಚ್ಚಗಿರುತ್ತದೆ. ಹಾಗಾಗಿ ವ್ಯಾಯಾಮ ಇಷ್ಟವಾಗುವ ಹಾಗೆ ಮನಸ್ಸನ್ನು ತಿದ್ದುವ ಯೋಚನೆಯನ್ನೇ ನಾನು ಬಿಟ್ಟೆ. ಇಷ್ಟವಿಲ್ಲದವನು ಇಷ್ಟವಿಲ್ಲದವನಾಗಿಯೇ ಇದ್ದು ಮೈ ಆಡಿಸುವುದು ಹೇಗೆ ಅಂತ ಓದತೊಡಗಿದೆ. (ಓದುವುದಕ್ಕೆ ಕೂರಬಹುದಲ್ಲ, ಅದು ನನಗೆ ಇಷ್ಟ.)

ಓದುತ್ತಾ ಸಿಕ್ಕಿದ್ದು ಲಂಡನ್ ಬಸ್ಸುಗಳ ಕತೆ. ಜೆರ್ರಿ ಮಾರಿಸ್ ಅನ್ನುವ ವೈದ್ಯ ಮತ್ತು ಅವರ ಸಂಗಡಿಗರು 1953ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಅದು. ಡಬಲ್ ಡೆಕ್ಕರ್ ಬಸ್ಸಿನ ಡ್ರೈವರ್ ದಿನವಿಡೀ ಕೂತಿರುತ್ತಾನೆ, ಕಂಡಕ್ಟರ್ ಟಿಕೆಟ್ ಕೊಡಲು ದಿನಕ್ಕೆ ನೂರಾರು ಮೆಟ್ಟಿಲು ಹತ್ತಿ ಇಳಿಯುತ್ತಾನೆ. ಇಬ್ಬರೂ ಒಂದೇ ಊರಿನವರು, ಒಂದೇ ಬಸ್ಸಿನವರು. ಹೃದಯದ ಕಾಯಿಲೆ ಡ್ರೈವರ್‌ಗಳಲ್ಲಿ ಹೆಚ್ಚು, ಕಂಡಕ್ಟರ್‌ಗಳಲ್ಲಿ ಕಡಿಮೆ. ಅಂಚೆ ಇಲಾಖೆಯಲ್ಲಿ ನೋಡಿದರೂ ಹಾಗೇ: ಮನೆಮನೆಗೆ ಹೋಗಿ ಪತ್ರ ಹಂಚುವವರಿಗೆ ಕಡಿಮೆ, ಕೂತು ಬರೆಯುವ ಗುಮಾಸ್ತರಿಗೆ ಹೆಚ್ಚು. ಗುಮಾಸ್ತ ಅನ್ನುವ ಪದ ಓದಿದಾಗ ಒಂದು ಕ್ಷಣ ನಿಂತೆ. ನನಗೆ ಹೆಚ್ಚು ಹಿಡಿಸಿದ್ದು ಮುಂದಿನ ಭಾಗ. ದಪ್ಪಗಿದ್ದವರೇ ಡ್ರೈವರ್ ಕೆಲಸಕ್ಕೆ ಸೇರುತ್ತಿದ್ದರೋ ಏನೋ ಅನ್ನುವ ಅನುಮಾನ ಬಂದು ಮಾರಿಸ್ ಅವರ ತಂಡ ಯೂನಿಫಾರ್ಮ್ ಪ್ಯಾಂಟುಗಳ ಸೊಂಟದ ಅಳತೆಯ ದಾಖಲೆಯನ್ನೇ ತೆಗೆದು ನೋಡಿತು. ಡ್ರೈವರ್‌ಗಳ ಸೊಂಟ ನಿಜಕ್ಕೂ ದೊಡ್ಡದಿತ್ತು, ಅದನ್ನೂ 1956ರಲ್ಲಿ ಪ್ರಕಟಿಸಿದರು. ತನ್ನ ವಾದಕ್ಕೆ ತಾನೇ ಅಡ್ಡಪ್ರಶ್ನೆ ಹಾಕಿಕೊಳ್ಳುವ ಇಂಥವರನ್ನು ನಂಬಬಹುದು. ಮಾರಿಸ್ ಬದುಕಿದ್ದು ತೊಂಬತ್ತೊಂಬತ್ತು ವರ್ಷ.

ಆ ಕಂಡಕ್ಟರ್‌ಗಳಿಗೆ ಯಾರೂ ವ್ಯಾಯಾಮ ಮಾಡು ಅಂದಿರಲಿಲ್ಲ. ಅವರ ಕೆಲಸ ಮೇಲಿನ ಅಂತಸ್ತಿನಲ್ಲಿತ್ತು, ಹತ್ತಿದರು. ನಮ್ಮ ಅಜ್ಜನಿಗೂ ಯಾರೂ ಹೇಳಿರಲಿಲ್ಲ. ಹೊಲ ಎರಡು ಮೈಲಿ ದೂರ ಇತ್ತು, ನಡೆದ. ಕೆಲಸವಿಲ್ಲದೆ ಸುಮ್ಮನೆ ಓಡು ಅಂದಿದ್ದರೆ ‘ಹುಚ್ಚ ಏನ ನೀ’ ಅನ್ನುತ್ತಿದ್ದ. ಗರಡಿಮನೆಯ ಪೈಲ್ವಾನರ ಮಾತು ಬೇರೆ, ಅವರು ಆಗಲೂ ಇದ್ದರು, ಈಗ ಜಿಮ್‌ಗಳಲ್ಲಿದ್ದಾರೆ. ಉಳಿದವರದು ಅಜ್ಜನ ದಾರಿ.

ಹಾಗಾಗಿ ನನ್ನ ಕೆಲಸಗಳನ್ನು ಸ್ವಲ್ಪ ದೂರಕ್ಕೆ ಸರಿಸಿದೆ. ಹತ್ತು ನಿಮಿಷದಲ್ಲಿ ತರಕಾರಿ ತಂದುಕೊಡುವ ಆ್ಯಪ್ ತೆಗೆದುಹಾಕಿದೆ. ಭಾಜಿ ಮಂಡಿ ನಮ್ಮ ಮನೆಯಿಂದ ಒಂದೂಕಾಲು ಕಿಲೋಮೀಟರ್. ರಾತ್ರಿ ಊಟ ಆದಮೇಲೆ ನಡೆದು ಹೋಗಿ ಮರುದಿನಕ್ಕೆ ಬೇಕಾದಷ್ಟೇ ತರುತ್ತೇನೆ. ನಾಳೆ ಪಲ್ಯಕ್ಕೆ ಏನೂ ಇಲ್ಲ ಅನ್ನುವುದು ಯಾವ ಭಾಷಣಕ್ಕಿಂತಲೂ ಬಲವಾದ ಕಾರಣ. ಊಟದ ನಂತರ ಹದಿನೈದು ನಿಮಿಷ ನಡೆದರೂ ಸಕ್ಕರೆಯ ಏರಿಕೆ ತಗ್ಗುತ್ತದೆ, ಕೆಲಸ ಮಾಡುವ ಸ್ನಾಯು ರಕ್ತದ ಸಕ್ಕರೆಯನ್ನು ತಾನೇ ಎಳೆದುಕೊಳ್ಳುತ್ತದೆ. ಬರುವಾಗ ಎರಡು ಕೈಯಲ್ಲಿ ಎರಡು ಚೀಲ. ತೂಕ ಎತ್ತುವವರು ಬೇಕಿದ್ದರೆ ನಗಲಿ, ಹೀರೆಕಾಯಿ, ಬದನೆಕಾಯಿ, ಒಂದು ಕಲ್ಲಂಗಡಿ ಸೇರಿದರೆ ಆರೇಳು ಕಿಲೋ ಆಗುತ್ತದೆ.

ಎರಡನೆಯದು ಫೋನ್. ಅವ್ವನ ಜೊತೆ ದಿನಾ ಮಾತಾಡುವ ಅಭ್ಯಾಸ ಮೊದಲಿನಿಂದ ಇತ್ತು, ಸೋಫಾದಲ್ಲಿ ಮಲಗಿ. ಈಗ ನಡೆಯುವಾಗ ಮಾತ್ರ ಫೋನ್ ಅಂತ ನಿಯಮ ಮಾಡಿಕೊಂಡೆ. ಮೊದಲ ದಿನವೇ ಅವ್ವ ಗಾಬರಿ: “ಯಾಕಪಾ, ಉಸಿರು ಹಂಗ್ಯಾಕ ಬಿಡಾಕತ್ತಿ? ಆರಾಮ ಅದಿ ಇಲ್ಲೋ?” “ಭಾಜಿ ತರಾಕ ಹೊಂಟೇನಿ ಅವ್ವಾ.” “ಅದಕ್ಕ ಇಷ್ಟು ತೇಕು?” ಎರಡು ತಿಂಗಳಾದ ಮೇಲೆ ಅವಳೇ “ಇವತ್ತು ಹೋಗಿಲ್ಲೇನ, ಉಸಿರು ಕೇಳವಲ್ತು” ಅಂದಳು. ಹೋಗಿದ್ದೆ. ತೇಕು ಕಡಿಮೆಯಾಗಿತ್ತು.

ಇಷ್ಟವಿಲ್ಲದ್ದಕ್ಕೆ ಇಷ್ಟವಾದದ್ದನ್ನು ಗಂಟು ಹಾಕುವ ಈ ಉಪಾಯವನ್ನು ಕೇಟಿ ಮಿಲ್ಕ್‌ಮನ್ ಅನ್ನುವ ಸಂಶೋಧಕಿ ಮತ್ತು ಸಂಗಡಿಗರು ಅಮೆರಿಕದಲ್ಲಿ ಪರೀಕ್ಷಿಸಿ ನೋಡಿದ್ದಾರೆ. ರೋಚಕ ಕಾದಂಬರಿಗಳ ಆಡಿಯೋವನ್ನು ಜಿಮ್‌ನಲ್ಲಿ ಮಾತ್ರ ಕೇಳಲು ಬಿಟ್ಟರಂತೆ. ಶುರುವಿನಲ್ಲಿ ಜನ ಹೆಚ್ಚು ಬಂದರು, ಥ್ಯಾಂಕ್ಸ್‌ಗಿವಿಂಗ್ ರಜೆ ಮುಗಿದ ಮೇಲೆ ಪರಿಣಾಮ ಕರಗಿತು. ಇದನ್ನು ಓದಿದ ಮೇಲೆ ದೀಪಾವಳಿಗೆ ಊರಿಗೆ ಹೋಗಿ ಬಂದ ಮರುದಿನವೇ ಚೀಲ ಹಿಡಿದು ಹೊರಬಿದ್ದೆ. ಕಾದಂಬರಿ ಮುಗಿಯಬಹುದು, ಅವ್ವನ ಮಾತು ಮುಗಿಯುವಂಥದ್ದಲ್ಲ.

ಹತ್ತು ಸಾವಿರ ಹೆಜ್ಜೆಯ ಲೆಕ್ಕವನ್ನು ನಾನು ಇಟ್ಟುಕೊಂಡಿಲ್ಲ. ಆ ಸಂಖ್ಯೆ ಹುಟ್ಟಿದ್ದು 1965ರಲ್ಲಿ ಜಪಾನಿನ ಒಂದು ಕಂಪನಿ ಮಾರಿದ ಹೆಜ್ಜೆ ಎಣಿಸುವ ಸಾಧನದ ಹೆಸರಿನಿಂದ. ‘ಮಾನ್‌ಪೊಕೇಯ್’ ಅಂದರೆ ಹತ್ತು ಸಾವಿರ ಹೆಜ್ಜೆಯ ಮೀಟರ್ ಅಂತ. 2019ರಲ್ಲಿ ಅಮೆರಿಕದ ವಯಸ್ಸಾದ ಹೆಂಗಸರ ಮೇಲೆ ನಡೆದ ಅಧ್ಯಯನದಲ್ಲಿ 4,400 ಹೆಜ್ಜೆಗೇ ಸಾವಿನ ಅಪಾಯ ಗಣನೀಯವಾಗಿ ಕಡಿಮೆ ಇತ್ತು, 7,500ರ ಆಸುಪಾಸಿನಲ್ಲಿ ಲಾಭದ ಏರಿಕೆ ನಿಂತಿತ್ತು. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಚಟುವಟಿಕೆ ಸಾಕು ಅನ್ನುತ್ತದೆ. ಒಂದು ಸಲಕ್ಕೆ ಕನಿಷ್ಠ ಹತ್ತು ನಿಮಿಷ ಇರಲೇಬೇಕು ಅಂತ ಮೊದಲು ಹೇಳುತ್ತಿದ್ದರು, 2020ರಲ್ಲಿ ಆ ಷರತ್ತನ್ನೂ ತೆಗೆದರು. ಅಂದರೆ ಎರಡು ಮೀಟಿಂಗ್‌ಗಳ ನಡುವಿನ ನಾಲ್ಕು ನಿಮಿಷವೂ ಲೆಕ್ಕಕ್ಕೆ ಬರುತ್ತದೆ. ಕ್ಯಾಮೆರಾ ಬೇಡದ ಮೀಟಿಂಗ್‌ಗಳಲ್ಲಿ ನಾನೀಗ ಹಾಲಿನಿಂದ ಬಾಲ್ಕನಿಗೆ ಓಡಾಡುತ್ತಿರುತ್ತೇನೆ. ಅಲ್ಲಿ ಆಗುವ ಮಾತಿಗೆ ಅದಕ್ಕಿಂತ ಹೆಚ್ಚಿನ ಗಮನ ಬೇಕಿಲ್ಲ.

ಆರು ತಿಂಗಳ ಮೇಲೆ ಮತ್ತೆ ರಕ್ತ ಕೊಟ್ಟೆ. 5.9. ಹೊಸ್ತಿಲಿನ ಮೇಲೇ ಇದ್ದೇನೆ, ಒಂದು ಕಾಲು ಮಾತ್ರ ಹೊರಗೆ ಇಟ್ಟ ಹಾಗೆ. ಅಪ್ಪನ ರಕ್ತ, ಅಪ್ಪನ ಕುರ್ಚಿ ಎರಡೂ ನನ್ನಲ್ಲಿವೆ, ಇಷ್ಟರಿಂದ ತಪ್ಪಿಸಿಕೊಂಡೆ ಅಂತ ಹೇಳುವ ಧೈರ್ಯ ನನಗಿಲ್ಲ.

ಈಗ ಅಪ್ಪನೂ ಫೋನಿಗೆ ಬರುತ್ತಾರೆ. ಮೊದಲೆಲ್ಲ ‘ಹೂಂ, ಊಟ ಆತು’ ಅಂತ ಹೇಳಿ ಅವ್ವನ ಕೈಗೆ ಕೊಟ್ಟುಬಿಡುತ್ತಿದ್ದವರು. ವಿಶೇಷ ಬೂಟು ಹಾಕಿಕೊಂಡು ಅಂಗಳದಲ್ಲಿ ತುಳಸಿಕಟ್ಟೆ ಸುತ್ತ ನಿಧಾನಕ್ಕೆ ತಿರುಗುತ್ತಾ, “ಎಲ್ಲಿ ತನಕ ಬಂದಿ?” ಅಂತ ಕೇಳುತ್ತಾರೆ. ಪುಣೆಯ ರಸ್ತೆ ಅವರಿಗೆ ಗೊತ್ತಿಲ್ಲ, ಆದರೂ ಬೇಕರಿ ದಾಟಿದೆ, ಗಣಪತಿ ಗುಡಿ ಬಂತು ಅಂತ ಹೇಳುತ್ತೇನೆ. ಎಷ್ಟು ಸುತ್ತಾಯಿತು ಅಂತ ನಾನು ಕೇಳುವುದಿಲ್ಲ. ಅವರ ಬೂಟಿನ ಸಪ್ಪಳ ಕೇಳುತ್ತದೆ.

ಮೊನ್ನೆಯಿಂದ ಇಲ್ಲಿ ಮಳೆ ಹಿಡಿದಿದೆ. ಮಂಡಿಯ ರಸ್ತೆಯಲ್ಲಿ ಮೊಣಕಾಲು ನೀರು, ಕೊಡೆ ಹಿಡಿದರೆ ಫೋನ್ ಹಿಡಿಯಲಾಗದು. ಸದ್ಯಕ್ಕೆ ನಮ್ಮ ಬಿಲ್ಡಿಂಗಿನ ಹನ್ನೊಂದು ಮಹಡಿಯ ಮೆಟ್ಟಿಲೇ ಗತಿ. ಆರನೆಯ ಮಹಡಿಯ ಹತ್ತಿರ ನೆಟ್‌ವರ್ಕ್ ಹೋಗುತ್ತದೆ, ಅವ್ವ “ಹಲೋ, ಹಲೋ” ಅನ್ನುತ್ತಿರುತ್ತಾಳೆ, ನಾನು ಬೇಗಬೇಗ ಏಳಕ್ಕೆ ಹತ್ತುತ್ತೇನೆ.