ಸೋಸಿ ಕುಡಿದವರು ಕೆಡಿಸಿ ಬಿಡಬಹುದೆ?

ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವುದು ಶ್ರಾವಕರ ಮನೆಗಳಲ್ಲಿ ತಲೆತಲಾಂತರದಿಂದ ಬಂದ ಆಚಾರ. ಸೋಸಿದ ಬಟ್ಟೆಯಲ್ಲಿ ಉಳಿದ ಸೂಕ್ಷ್ಮಜೀವಿಗಳನ್ನು ನೀರು ತಂದ ಜಲಾಶಯಕ್ಕೇ ಮರಳಿಸಬೇಕೆಂಬುದು ಅದರ ಉತ್ತರಾರ್ಧ. ಮುನಿಗಳಿಗೆ ವಿಧಿಸಿದ ಐದು ಸಮಿತಿಗಳಲ್ಲಿ ಕೊನೆಯದಾದ ಉತ್ಸರ್ಗ ಸಮಿತಿಯಂತೂ ಮಲಮೂತ್ರಗಳನ್ನು ಜೀವಬಾಧೆಯಿಲ್ಲದ ಸ್ಥಳದಲ್ಲಿಯೇ, ನೋಡಿ ವಿಸರ್ಜಿಸಬೇಕೆನ್ನುತ್ತದೆ. ಒಳಬರುವ ನೀರಿನಲ್ಲಿ ಇಷ್ಟು ಎಚ್ಚರ ವಹಿಸಿದ ಸಮಾಜವು ಹೊರಹೋಗುವ ನೀರಿನ ವಿಷಯದಲ್ಲಿ ಮೌನವಾಗಿರುವುದು ಯಾವ ಧರ್ಮ?

ಕುಂದಾಪುರ ತಾಲ್ಲೂಕಿನ ಸಿದ್ದಾಪುರಕ್ಕೆ ವಾರಾಹಿ ನೆರೆಯ ನದಿ. ಹೊಸಂಗಡಿಯ ಭೂಗರ್ಭ ವಿದ್ಯುದಾಗಾರದಲ್ಲಿ ಬೆಳಕು ಕೊಟ್ಟು ಬಂದ ನೀರೇ ಕೆಳಗಿನ ಗದ್ದೆ ತೋಟಗಳನ್ನು ತಣಿಸುತ್ತದೆ. ಹಾಲಾಡಿಯ ಭರತ್ಕಲ್‌ನಿಂದ ಉಡುಪಿಗೆ ಕುಡಿಯುವ ನೀರು ಒಯ್ಯುವ ಯೋಜನೆಯೂ ಅದನ್ನೇ ನೆಚ್ಚಿದೆ. ಕೊನೆಗೆ ಆ ನದಿ ಸೌಪರ್ಣಿಕಾ, ಚಕ್ರಾ ಮೊದಲಾದವುಗಳೊಡನೆ ಗಂಗೊಳ್ಳಿಯಲ್ಲಿ ಕಡಲು ಸೇರುತ್ತದೆ. ಮೇಲಿನವರ ಚರಂಡಿ ಕೆಳಗಿನವರ ಕೊಡವನ್ನು ತಲುಪುವುದು ಇಂತಹ ನದಿಯಲ್ಲಿಯೇ. ಕರಾವಳಿಯ ಮುರಕಲ್ಲಿನ ನೆಲವೂ ರಂಧ್ರಮಯವಾದುದರಿಂದ ಶೌಚದ ಗುಂಡಿಯ ನೀರು ಬಾವಿಗೆ ಇಳಿಯಲು ತಡವಾಗದು.

ಉಡುಪಿಯ ಇಂದ್ರಾಣಿ ನದಿಯ ಪಾಡು ಎಲ್ಲರ ಕಣ್ಣೆದುರಿಗಿದೆ. ನಿಟ್ಟೂರಿನಲ್ಲಿ ನಗರಸಭೆಯ ಶುದ್ಧೀಕರಣ ಘಟಕವಿದ್ದರೂ ನದಿಗೆ ಕೊಳಚೆ ಸೇರುತ್ತಿದೆ, ದಡದ ಬಾವಿಗಳು ಕೆಟ್ಟಿವೆ ಎಂಬ ದೂರು ಅನೇಕ ವರ್ಷಗಳಿಂದ ಕೇಳಿಬಂದಿದೆ. ದೇಶದ ಸ್ಥಿತಿಯೂ ಬೇರೆಯಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2021ರ ವರದಿಯಂತೆ ನಗರಗಳಲ್ಲಿ ದಿನಕ್ಕೆ 72,368 ದಶಲಕ್ಷ ಲೀಟರ್ ಕೊಳಚೆ ಹುಟ್ಟಿದರೆ, ಶುದ್ಧಗೊಂಡದ್ದು 20,236 ದಶಲಕ್ಷ ಲೀಟರ್ ಮಾತ್ರ.

ಹರಿಯುವ ನೀರಿಗೆ ದೋಷವಿಲ್ಲವೆಂದು ಕೆಲವರು ವಾದಿಸುವುದುಂಟು. ನದಿ ತನ್ನನ್ನು ತಾನು ಶುದ್ಧಿಗೊಳಿಸಿಕೊಳ್ಳುವುದು ನಿಜ. ಆದರೆ ಕೊಳಚೆಯನ್ನು ಕರಗಿಸುವ ಅಣುಜೀವಿಗಳು ನೀರಿನ ಆಮ್ಲಜನಕವನ್ನೇ ಉಸಿರಾಡುತ್ತವೆ. ಹೊರೆ ಮೀರಿದಾಗ ಮೀನುಗಳು ಉಸಿರುಗಟ್ಟಿ ಸಾಯುತ್ತವೆ. ಘಟಕದಲ್ಲಿ ನಡೆಯುವುದೂ ಇದೇ ಕ್ರಿಯೆ: ಜಾಲರಿಯಲ್ಲಿ ಕಸ ತಡೆದು, ಮರಳು ಇಳಿಸಿ, ತೊಟ್ಟಿಯಲ್ಲಿ ಗಾಳಿಯೂಡಿ, ಕೆಸರನ್ನು ತಂಗಿಸಿ, ಉಳಿದ ನೀರನ್ನು ಸೋಂಕುರಹಿತಗೊಳಿಸುತ್ತಾರೆ. ನದಿ ಹೊರಬೇಕಾದ ಭಾರವನ್ನು ತೊಟ್ಟಿ ಹೊರುತ್ತದೆ.

ಘಟಕದಲ್ಲಿಯೂ ಅಸಂಖ್ಯ ಸೂಕ್ಷ್ಮಜೀವಿಗಳು ಸಾಯುವುವಲ್ಲ, ಅದು ಹಿಂಸೆಯಲ್ಲವೆ ಎಂದು ಇನ್ನು ಕೆಲವರು ಕೇಳಬಹುದು. ಗೃಹಸ್ಥನಿಗೆ ಆರಂಭೀ ಹಿಂಸೆ ಸಂಪೂರ್ಣ ತಪ್ಪದು. ಒಲೆ ಹೊತ್ತಿಸಿದಾಗಲೂ ಅದುಂಟು. ಆದರೆ ಪ್ರಮಾದದಿಂದಾಗುವ ಪ್ರಾಣಘಾತವೇ ಹಿಂಸೆಯೆಂಬುದು ಉಮಾಸ್ವಾಮಿಗಳ ನಿರ್ಣಯ. ಗೊತ್ತಿದ್ದೂ ಕೊಳಚೆಯನ್ನು ಹೊಳೆಗೆ ಬಿಡುವುದಕ್ಕಿಂತ ದೊಡ್ಡ ಪ್ರಮಾದ ಯಾವುದು?

ಘಟಕ ಬೇಕು, ಆದರೆ ತಮ್ಮ ಊರಿನಲ್ಲಿ ಬೇಡವೆನ್ನುವವರ ವಾದ ಇನ್ನೂ ವಿಚಿತ್ರ. ದುರ್ವಾಸನೆಯ ಭಯ ನಿರಾಧಾರವಲ್ಲ. ಸರಿಯಾಗಿ ನಡೆಸದ ಘಟಕ ನಾರುತ್ತದೆ. ಅದಕ್ಕೆ ಮದ್ದು ಘಟಕವನ್ನು ತಡೆಯುವುದಲ್ಲ, ಅದನ್ನು ಸರಿಯಾಗಿ ನಡೆಸುವಂತೆ ಒತ್ತಾಯಿಸುವುದು. ಕಟ್ಟಡದ ಉದ್ಘಾಟನೆಗೆ ಮಾಲೆ ಹಿಡಿದು ಬರುವವರು ಅದರ ವಿದ್ಯುತ್ ಬಿಲ್ಲಿಗೆ, ನುರಿತ ಸಿಬ್ಬಂದಿಗೆ ಹಣ ಮೀಸಲಿಡುವಾಗಲೂ ಬರಬೇಕು. ನಿಂತುಹೋದ ಘಟಕ ಬರಿಯ ಗೋಡೆ.

ಜಲಮಾಲಿನ್ಯ ತಡೆಯುವ ಕಾನೂನು 1974ರಲ್ಲಿಯೇ ಬಂದಿದೆ. 1976ರಲ್ಲಿ ಸಂವಿಧಾನಕ್ಕೆ ಸೇರಿದ ಮೂಲಭೂತ ಕರ್ತವ್ಯಗಳಲ್ಲಿ ನದಿಗಳ ರಕ್ಷಣೆ ಮತ್ತು ಜೀವಿಗಳ ಮೇಲಿನ ಅನುಕಂಪ ಒಂದೇ ವಾಕ್ಯದಲ್ಲಿ ನಿಂತಿವೆ. ಇವೆರಡೂ ಬೇರೆಯಲ್ಲವೆಂಬುದು ಜಿನಮತಕ್ಕೆ ಹೊಸ ಮಾತಲ್ಲ.

ಸಿದ್ದಾಪುರದಂತಹ ಬೆಳೆಯುತ್ತಿರುವ ಪೇಟೆಗಳಿಗೆ ಇನ್ನೂ ಕಾಲ ಮಿಂಚಿಲ್ಲ. ಗ್ರಾಮಸಭೆಯಲ್ಲಿ ರಸ್ತೆ, ದೀಪಗಳ ಬೇಡಿಕೆಯೊಡನೆ ಕೊಳಚೆಯ ನೀರು ಎಲ್ಲಿಗೆ ಹೋಗುತ್ತದೆಂಬ ಪ್ರಶ್ನೆಯನ್ನೂ ಎತ್ತುವುದು ಪ್ರತಿಯೊಬ್ಬ ಶ್ರಾವಕನ ಕರ್ತವ್ಯ. ಕೊಡದ ಬಾಯಿಗೆ ಬಟ್ಟೆ ಕಟ್ಟಿದ ಕೈಗಳು ಚರಂಡಿಯ ಬಾಯನ್ನು ಮರೆತರೆ, ಆ ವ್ರತ ಅರ್ಧದಲ್ಲಿಯೇ ಉಳಿಯುತ್ತದೆ.