ಎರಡು ಇಂಚು ಎತ್ತರದ ಕಟ್ಟೆ

ರಜೆಗೆ ಬಂದಿರುವ ಮೊಮ್ಮಗಳು ದಪ್ಪನೆಯ ಇಂಗ್ಲಿಷ್ ಕಾದಂಬರಿಯೊಂದನ್ನು ಎರಡೇ ದಿನದಲ್ಲಿ ಓದಿ ಮುಗಿಸಿದಳು. ಟಿ.ವಿ.ಯಲ್ಲಿ ಅಡುಗೆ ಮಾಡಿ ತೋರಿಸುವ ಇಬ್ಬರ ಕಥೆ. ಒಬ್ಬರನ್ನು ಕಂಡರೆ ಒಬ್ಬರಿಗೆ ಆಗದು. ಪುಟಪುಟಕ್ಕೂ ಪೈಪೋಟಿ. ಕೊನೆಗೆ ಇಬ್ಬರಿಗೂ ಮದುವೆ! "ತಾತ, ನಿಜವಾಗಿಯೂ ಹೀಗೆ ಆಗುತ್ತಾ?" ಎಂದು ಕೇಳಿದಳು.

ಮದುವೆಯ ವಿಷಯ ಆಮೇಲೆ. ಜಗಳವಂತೂ ನಿಜವಾಗಿ ಆಗಿದೆ, ಮಕ್ಕಳೇ. ಅಮೆರಿಕದಲ್ಲಿ ಜೂಲಿಯಾ ಚೈಲ್ಡ್ ಎಂಬವರಿದ್ದರು. 1963ರಿಂದ ಟಿ.ವಿ.ಯಲ್ಲಿ ಫ್ರೆಂಚ್ ಅಡುಗೆ ಹೇಳಿಕೊಟ್ಟು ಮನೆಮಾತಾದವರು. ಜಾಕ್ ಪೆಪಾನ್ ಫ್ರಾನ್ಸಿನಲ್ಲೇ ಹುಟ್ಟಿದವರು. ಹದಿಮೂರನೆಯ ವಯಸ್ಸಿಗೇ ಹೋಟೆಲಿನ ಅಡುಗೆಮನೆ ಸೇರಿದರು. ಆ ದೇಶದ ನಾಯಕ ದ ಗಾಲ್ ಅವರಿಗೂ ಅಡುಗೆ ಮಾಡಿದ್ದರು. 1999ರಲ್ಲಿ ಇವರಿಬ್ಬರೂ ಸೇರಿ ನಡೆಸಿಕೊಟ್ಟ ಕಾರ್ಯಕ್ರಮ ಬಂತು. ಜೂಲಿಯಾ ಅಜ್ಜಿಗೆ ಆಗ ಎಂಬತ್ತೈದು ದಾಟಿತ್ತು.

ಒಂದೇ ತಿಂಡಿಯನ್ನು ಅಕ್ಕಪಕ್ಕ ನಿಂತು ಇಬ್ಬರೂ ತಮ್ಮ ತಮ್ಮ ರೀತಿಯಲ್ಲಿ ಮಾಡುವುದು, ಜೊತೆಗೆ ವಾದ. ಆಕೆಗೆ ಬಿಳಿಮೆಣಸೇ ಆಗಬೇಕು, ಆತನಿಗೆ ಕರಿಮೆಣಸು. ಆತ ಹರಳುಪ್ಪು ಎಂದರೆ ಆಕೆ ಪುಡಿ ಉಪ್ಪು. ಬೆಣ್ಣೆ ಎಷ್ಟಿದ್ದರೂ ಆಕೆಗೆ ಸಾಲದು. ತಮಾಷೆಯೆಂದರೆ ಮೆಣಸು ಎರಡೂ ಒಂದೇ ಬಳ್ಳಿಯದು. ಕಾಯಿ ಬಲಿತಾಗ ಕಿತ್ತು ಒಣಗಿಸಿದರೆ ಕರಿಮೆಣಸು, ಹಣ್ಣಾದ ಮೇಲೆ ನೆನೆಸಿ ಸಿಪ್ಪೆ ತೆಗೆದರೆ ಬಿಳಿಮೆಣಸು. ನಮ್ಮ ಮಲೆನಾಡಿನ ಮಕ್ಕಳಿಗೆ ಇದನ್ನು ಹೇಳಬೇಕಾಗಿಲ್ಲ.

"ಆಮೇಲೆ ಮದುವೆ ಆದರಾ?" ಎಂದಳು ಮೊಮ್ಮಗಳು. ಇಲ್ಲಮ್ಮ. ಅವರವರ ಸಂಸಾರ ಅವರವರಿಗಿತ್ತು. ಇವರಿಬ್ಬರದು 1960ರಿಂದ ಬಂದ ಸ್ನೇಹ.

ಪ್ರೀತಿಯ ಕಥೆ ಬೇಕೆಂದರೆ ಕ್ಯಾಮೆರಾದ ಹಿಂದೆ ನೋಡಬೇಕು. ಜೂಲಿಯಾ ತಮ್ಮ ಗಂಡ ಪಾಲ್ ಅವರನ್ನು ಮೊದಲು ಕಂಡದ್ದು ನಮ್ಮ ಪಕ್ಕದ ಸಿಂಹಳದಲ್ಲಿ, ಎರಡನೆಯ ಮಹಾಯುದ್ಧದ ಕಾಲದಲ್ಲಿ. ಇಬ್ಬರೂ ಅಲ್ಲಿ ಅಮೆರಿಕದ ಯುದ್ಧಕಾಲದ ಕಚೇರಿಯೊಂದರಲ್ಲಿದ್ದರು. ಆಗ ಆಕೆಗೆ ಅಡುಗೆಯೇ ಬರುತ್ತಿರಲಿಲ್ಲ! ಮದುವೆಯಾದದ್ದು 1946ರಲ್ಲಿ. ಪಾಲ್ ಅವರಿಗೆ ಪ್ಯಾರಿಸ್ಸಿಗೆ ವರ್ಗವಾದ ಮೇಲೆ, ಮೂವತ್ತಾರು ದಾಟಿದ ವಯಸ್ಸಿನಲ್ಲಿ, ಆಕೆ ಅಡುಗೆ ಶಾಲೆಗೆ ಸೇರಿದರು.

ಆಕೆ ಆರು ಅಡಿಗೂ ಮೀರಿದ ಎತ್ತರದವರು. ಅಮೆರಿಕದ ಅಡುಗೆ ಕಟ್ಟೆಗಳು ಸಾಮಾನ್ಯವಾಗಿ 36 ಇಂಚು ಇರುತ್ತವೆ. ಬಗ್ಗಿ ಬಗ್ಗಿ ಹೆಂಡತಿಗೆ ಬೆನ್ನು ನೋವು ಬರಬಾರದೆಂದು ಪಾಲ್ ತಮ್ಮ ಮನೆಯಲ್ಲಿ ಕಟ್ಟೆಯನ್ನು 38 ಇಂಚು ಮಾಡಿಸಿದರು. ಗೋಡೆಗೆ ಹಲಗೆ ಹೊಡೆದು, ಒಂದೊಂದು ಬಾಣಲೆಯ ಆಕಾರವನ್ನೂ ಅದರ ಮೇಲೆ ಬರೆದಿಟ್ಟರು. ಯಾವ ಪಾತ್ರೆ ಎಲ್ಲಿ ತೂಗುಹಾಕಬೇಕೆಂದು ಹುಡುಕುವಂತಿಲ್ಲ. ಮೆಣಸಿನ ಆ ಜಗಳ ನಡೆದದ್ದೂ ಅದೇ ಅಡುಗೆಮನೆಯಲ್ಲಿ. ಆದರೆ ನೋಡಲು ಪಾಲ್ ಇರಲಿಲ್ಲ, 1994ರಲ್ಲೇ ತೀರಿಕೊಂಡಿದ್ದರು. ಈಗ ಆ ಅಡುಗೆಮನೆಯನ್ನು ಹಾಗೆಹಾಗೇ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯದಲ್ಲಿ ಇಟ್ಟಿದ್ದಾರೆ.

ಇಷ್ಟು ಹೇಳುವ ಹೊತ್ತಿಗೆ ಮೊಮ್ಮಗಳು ಟೇಪು ಹಿಡಿದು ಅಡುಗೆಮನೆಗೆ ಹೋಗಿದ್ದಳು. "ತಾತ, ನಮ್ಮ ಕಟ್ಟೆ 34 ಇಂಚು. ಅಜ್ಜಿ ಇರೋದೇ ನಾಲ್ಕು ಅಡಿ ಒಂಬತ್ತು ಇಂಚು!"

ನಾನು 1984ರಲ್ಲಿ ಸಾಲ ತೆಗೆದು ಕಟ್ಟಿಸಿದ ಮನೆ ಇದು. ಬಡ್ಡಿಯನ್ನು ಪೈಸೆಗೆ ಪೈಸೆ ಲೆಕ್ಕ ಹಾಕಿದ್ದೆ. ಅಡುಗೆ ಕಟ್ಟೆ ಎಷ್ಟೆತ್ತರ ಇರಬೇಕೆಂದು ಹೆಂಡತಿಯನ್ನು ಕೇಳಲಿಲ್ಲ. ಅವಳು ನಲವತ್ತು ವರ್ಷದಿಂದ ಮಣೆಯ ಮೇಲೆ ನಿಂತು ಒಗ್ಗರಣೆ ಹಾಕುತ್ತಿದ್ದಾಳೆ. ಮಣೆಯನ್ನು ದಿನಾ ನೋಡುತ್ತಿದ್ದೆ. ಅದು ಅಲ್ಲಿ ಯಾಕಿದೆ ಎಂದು ಯೋಚಿಸಿರಲಿಲ್ಲ.

"ಕಟ್ಟೆ ಒಡೆಸಿ ತಗ್ಗಿಸೋಣವೇ?" ಎಂದು ಕೇಳಿದೆ.

"ಈಗ ಯಾಕ್ರೀ? ಮಣೆ ಅಭ್ಯಾಸ ಆಗಿಹೋಗಿದೆ" ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ಮೂರು ಇಂಚು ತಗ್ಗಿಸಿದರೆ ಸಾಕು" ಎಂದಳು.

ಮೇಸ್ತ್ರಿ ಸೋಮವಾರ ಬರುತ್ತೇನೆ ಎಂದಿದ್ದಾನೆ. ಯಾವ ಸೋಮವಾರ ಎಂದು ಹೇಳಿಲ್ಲ.