ಉಂಗುರ ಮರದ್ದು, ಹೊಳಪು ಯಾರದ್ದು?

ಮರದ ಉಂಗುರವೆಂದರೆ ಚಿನ್ನ ಬೆಳ್ಳಿಗಳ ಆಡಂಬರಕ್ಕೆ ಸಿಕ್ಕ ಸರಳ ಉತ್ತರವೆಂದು ಭಾವಿಸುವವರು ಹೆಚ್ಚುತ್ತಿದ್ದಾರೆ. ಅದಕ್ಕೆ ಗಣಿ ಬೇಡ, ಕುಲುಮೆ ಬೇಡ. ಬಡಗಿಯ ಕೊಟ್ಟಿಗೆಯಲ್ಲಿ ಉಳಿದ ಅಂಗೈಯಗಲದ ತುಂಡು, ಒಂದು ಡ್ರಿಲ್ ಯಂತ್ರ, ನಾಲ್ಕಾರು ಹಾಳೆ ಸ್ಯಾಂಡ್ ಪೇಪರ್ ಇದ್ದರೆ ಸಾಕು. ಕಾಲೇಜಿಗೆ ಹೋಗುವ ಹುಡುಗ ಹುಡುಗಿಯರೂ ಒಂದು ಸಂಜೆಯಲ್ಲಿ ಉಂಗುರವೊಂದನ್ನು ಮಾಡಿ ಮುಗಿಸಬಹುದು. ಬಂಡವಾಳವಿಲ್ಲದವರಿಗೆ ಇದೊಂದು ಸಣ್ಣ ಜೀವನೋಪಾಯ, ಪೇಟೆಯ ಗ್ರಾಹಕರಿಗೆ ಕಾಡಿನ ನೆನಪು. ಹೀಗಾಗಿಯೇ ಇಂಥ ಉಂಗುರಗಳ ಪೊಟ್ಟಣದ ಮೇಲೆ ‘ನೈಸರ್ಗಿಕ’, ‘ಪರಿಸರಸ್ನೇಹಿ’ ಎಂಬ ಮಾತುಗಳು ಸಲೀಸಾಗಿ ಬಂದು ಕೂರುತ್ತವೆ.

ಆದರೆ ಬೆಳ್ಳಗಿರುವುದೆಲ್ಲ ಹಾಲಲ್ಲ. ಗಾಜಿನಂತೆ ಥಳಥಳಿಸುವ ಮರದುಂಗುರಗಳಲ್ಲಿ ಅನೇಕವನ್ನು ತೊಟ್ಟವರ ಬೆರಳಿಗೆ ತಾಗುತ್ತಿರುವುದು ಮರವಲ್ಲ. ಅದು ಪದರದ ಮೇಲೆ ಪದರವಾಗಿ ಬಳಿದ ಸೂಪರ್ ಗ್ಲೂ. ಅಂದರೆ ಗಟ್ಟಿಯಾದ ಪ್ಲಾಸ್ಟಿಕ್. ಮರವು ಆ ಪ್ಲಾಸ್ಟಿಕ್ಕಿನ ಹಿಂದೆ ಕಾಣುವ ಚಿತ್ರವಷ್ಟೇ. ಪ್ಲಾಸ್ಟಿಕ್ಕನ್ನು ಮರದ ಹೆಸರಿನಲ್ಲಿ, ಅದರಲ್ಲೂ ಮಲೆನಾಡಿನ ಹೆಸರಿನಲ್ಲಿ ಮಾರುವುದು ಸರಿಯೇ ಎಂಬ ಪ್ರಶ್ನೆಯನ್ನು ಪರಿಸರಾಸಕ್ತರು ಇನ್ನಾದರೂ ಕೇಳಬೇಕಾಗಿದೆ.

ಹೊಳಪಿನ ಹಿಂದಿನ ರಸಾಯನ

ಸೂಪರ್ ಗ್ಲೂ ಎಂದು ಕರೆಯುವ ಅಂಟಿನ ಮುಖ್ಯ ದ್ರವ್ಯ ಈಥೈಲ್ ಸಯನೋಅಕ್ರಿಲೇಟ್. ಈ ಬಗೆಯ ದ್ರವ್ಯಗಳು ಅಮೆರಿಕದ ಈಸ್ಟ್‌ಮನ್ ಕೊಡಾಕ್ ಕಂಪನಿಯ ಹ್ಯಾರಿ ಕೂವರ್ ಅವರ ಕಣ್ಣಿಗೆ ಬಿದ್ದದ್ದು 1942ರಲ್ಲಿ, ಎರಡನೆಯ ಮಹಾಯುದ್ಧದ ನಡುವೆ, ಬಂದೂಕಿನ ಗುರಿದರ್ಶಕಕ್ಕೆ ಬೇಕಾದ ಪಾರದರ್ಶಕ ಪ್ಲಾಸ್ಟಿಕ್ಕನ್ನು ಹುಡುಕುತ್ತಿದ್ದಾಗ. ಮುಟ್ಟಿದ್ದಕ್ಕೆಲ್ಲ ಅಂಟಿಕೊಳ್ಳುತ್ತದೆಂದು ಅಂದು ಅದನ್ನು ಬದಿಗಿಡಲಾಯಿತು. 1951ರಲ್ಲಿ ಅದೇ ದೋಷವು ಗುಣವಾಗಿ ಕಂಡಿತು. 1958ರಲ್ಲಿ ಅದು ಅಂಟಾಗಿ ಮಾರುಕಟ್ಟೆಗೆ ಬಂತು.

ಈ ದ್ರವ ಒಣಗುವುದು ಬಣ್ಣ ಒಣಗಿದಂತೆ ಅಲ್ಲ. ಗಾಳಿಯಲ್ಲಿ, ಮರದಲ್ಲಿ, ಚರ್ಮದಲ್ಲಿ ಇರುವ ತೇವದ ಸೋಂಕಿನಿಂದ ಅದರ ಅಣುಗಳು ಒಂದಕ್ಕೊಂದು ಸರಪಳಿಯಾಗಿ ಬೆಸೆದುಕೊಂಡು, ನೋಡನೋಡುತ್ತಿದ್ದಂತೆ ಅಕ್ರಿಲಿಕ್ ಜಾತಿಯ ಪ್ಲಾಸ್ಟಿಕ್ ಆಗುತ್ತವೆ. ಪೆನ್ನುಗಳನ್ನು ಲೇತ್ ಮೇಲೆ ಕಡೆಯುವ ಹವ್ಯಾಸಿಗಳು ಈ ಗುಣವನ್ನು ಹೊಳಪಿಗೆ ಬಳಸಿಕೊಂಡರು. ಉಂಗುರ ಮಾಡುವವರೂ ಅದೇ ದಾರಿ ಹಿಡಿದರು. ತಿರುಗುವ ಉಂಗುರದ ಮೇಲೆ ತೆಳು ಅಂಟನ್ನು ಕಾಗದದ ತುಂಡಿನಿಂದ ಬಳಿಯುವುದು, ಗಟ್ಟಿಯಾದೊಡನೆ ಮತ್ತೊಂದು ಪದರ, ಹೀಗೆ ಹಲವು ಪದರ. ಅವಸರವಿದ್ದರೆ ಬೇಗ ಗಟ್ಟಿಯಾಗಿಸುವ ಇನ್ನೊಂದು ರಾಸಾಯನಿಕದ ಸಿಂಪಡಣೆ. ಆಮೇಲೆ ನೀರು ಹಾಕಿ, ಒರಟಿನಿಂದ ನಯದವರೆಗೆ ಸ್ಯಾಂಡ್ ಪೇಪರ್ ಉಜ್ಜಿ, ಕೊನೆಗೆ ಪ್ಲಾಸ್ಟಿಕ್ಕಿಗೆಂದೇ ತಯಾರಾದ ಪಾಲಿಶ್. ಕಡೆಯ ಹಂತದಲ್ಲಿ ಪ್ಲಾಸ್ಟಿಕ್ ಪಾಲಿಶ್ ಬೇಕಾಗುವುದೇ ಸಾಕಲ್ಲವೆ, ಹೊಳೆಯುತ್ತಿರುವುದು ಏನೆಂದು ತಿಳಿಯಲು?

ತಯಾರಕರ ಉಸಿರು

ಇಲ್ಲಿ ಉತ್ಪ್ರೇಕ್ಷೆ ಸಲ್ಲದು. ಹೆಸರಿನಲ್ಲಿ ‘ಸಯನೋ’ ಇದೆಯೆಂದ ಮಾತ್ರಕ್ಕೆ ಇದು ಸಯನೈಡ್ ವಿಷವಲ್ಲ. ಪೂರ್ತಿ ಗಟ್ಟಿಯಾದ ಪದರದಿಂದ ಉಂಗುರ ತೊಟ್ಟವರಿಗೆ ಸಾಮಾನ್ಯವಾಗಿ ಹಾನಿಯಿಲ್ಲ. ಅಕ್ರಿಲೇಟ್‌ಗಳಿಗೆ ಅಲರ್ಜಿ ಇರುವವರಿಗೆ ಮಾತ್ರ ಚರ್ಮ ಕೆರಳಬಹುದು. ಅಪಾಯ ಕಾದಿರುವುದು ಕೊಳ್ಳುವವರಿಗಲ್ಲ, ಮಾಡುವವರಿಗೆ.

ಗಟ್ಟಿಯಾಗುವ ಮುನ್ನ ಈ ಅಂಟಿನಿಂದ ಏಳುವ ಆವಿ ಕಣ್ಣು, ಮೂಗು, ಗಂಟಲುಗಳನ್ನು ಉರಿಸುತ್ತದೆ. ದಿನವೂ ಅದನ್ನು ಉಸಿರಾಡುವವರಲ್ಲಿ ಕೆಲವರಿಗೆ ಆಸ್ತಮಾ ಅಂಟಿಕೊಂಡಿರುವುದನ್ನು ವೈದ್ಯರು ದಾಖಲಿಸಿದ್ದಾರೆ. ಒಂದು ಉಂಗುರಕ್ಕೆ ಹಲವು ಪದರ, ದಿನಕ್ಕೆ ಹತ್ತಾರು ಉಂಗುರವೆಂದರೆ, ಅಂಟಿನ ಮೇಲೆ ಬಗ್ಗಿ ಕುಳಿತವರ ಮೂಗಿಗೆ ಆವಿ ಬಿಡುವಿಲ್ಲದೆ ಏರುತ್ತಿರುತ್ತದೆ. ಇನ್ನು ಹತ್ತಿಯ ಬಟ್ಟೆಗೆ ಈ ಅಂಟು ಹೆಚ್ಚಾಗಿ ತಾಗಿದರೆ ಕ್ಷಣಾರ್ಧದಲ್ಲಿ ಕಾದು ಹೊಗೆಯೇಳುತ್ತದೆ, ಚರ್ಮ ಸುಡುತ್ತದೆ. ಹಳೆಯ ಪಂಚೆಯ ತುಂಡಿನಿಂದ ಒರೆಸಹೋದವರಿಗೆ ಇದನ್ನು ಯಾರು ಹೇಳಿಕೊಟ್ಟಿದ್ದಾರೆ?

ಮಲೆನಾಡಿನ ಮಳೆಗಾಲ ಇದಕ್ಕೆ ಇನ್ನೊಂದು ತೊಡಕನ್ನು ಸೇರಿಸುತ್ತದೆ. ಗಾಳಿಯಲ್ಲಿ ತೇವ ಹೆಚ್ಚಾದಾಗ ಅಂಟಿನ ಆವಿ ಮತ್ತೆ ಉಂಗುರದ ಮೇಲೆಯೇ ಬಿಳಿಯ ಬೂದಿಯಂತೆ ಕೂರುತ್ತದೆ, ಹೊಳಪು ಮಂಕಾಗುತ್ತದೆ. ಅದನ್ನು ಉಜ್ಜಿ ತೆಗೆದು ಮತ್ತೆ ಬಳಿಯಬೇಕು. ಹೊರಗೆ ಜಡಿಮಳೆ, ಒಳಗೆ ಮುಚ್ಚಿದ ಕಿಟಕಿ ಬಾಗಿಲು. ಹೀಗೆ ಆವಿ ಹೊರಹೋಗಲು ದಾರಿ ಬೇಕಾದ ಹೊತ್ತಿನಲ್ಲೇ ದಾರಿ ಮುಚ್ಚಿರುತ್ತದೆ. ಉಜ್ಜುವಾಗ ಏಳುವ ದೂಳಿನದು ಮತ್ತೊಂದು ಕಥೆ. ಮರದ ದೂಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಮನುಷ್ಯರಲ್ಲಿ ಕ್ಯಾನ್ಸರಿಗೆ ಕಾರಣವಾಗುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಸೂಪರ್ ಗ್ಲೂ ಬಳಿದ ಉಂಗುರದಿಂದ ಮರದ ದೂಳಿನೊಂದಿಗೆ ಪ್ಲಾಸ್ಟಿಕ್ಕಿನ ದೂಳೂ ಬರುತ್ತದೆ. ನೀರು ಹಾಕಿ ಉಜ್ಜಿದರೆ ದೂಳು ಏಳದು ನಿಜ. ಆದರೆ ಆ ಬಿಳಿಯ ಗಸಿ ಬಚ್ಚಲಿನಿಂದ ತೋಟದ ಕಪ್ಪಿಗೆ, ಕಪ್ಪಿನಿಂದ ಹಳ್ಳಕ್ಕೆ ಇಳಿಯುತ್ತದೆ.

ಸಮರ್ಥನೆಗಳು ನಿಲ್ಲುತ್ತವೆಯೇ?

ಉಂಗುರವೊಂದಕ್ಕೆ ತಗಲುವ ಅಂಟು ಕೆಲವೇ ಹನಿ. ಶರಾವತಿ, ತುಂಗೆಯರ ಮೇಲೆ ಹೊರಿಸಿರುವ ಭಾರದ ಮುಂದೆ ಇದಾವ ಲೆಕ್ಕ ಎಂಬುದು ಮೊದಲನೆಯ ಸಮರ್ಥನೆ. ಲೆಕ್ಕ ಸರಿಯೇ. ಅಣೆಕಟ್ಟು, ಗಣಿ, ಹೆದ್ದಾರಿಗಳ ಪಕ್ಕದಲ್ಲಿ ಉಂಗುರವನ್ನಿಟ್ಟು ತೂಗುವುದು ಮೂರ್ಖತನ. ಆದರೆ ದೊಡ್ಡವರ ಸುಳ್ಳನ್ನು ಬಯಲಿಗೆಳೆಯುವ ಚಳವಳಿ ತನ್ನ ಮಳಿಗೆಯ ಸಣ್ಣ ಸುಳ್ಳನ್ನು ಬಚ್ಚಿಟ್ಟುಕೊಂಡರೆ, ಅದರ ದೊಡ್ಡ ಮಾತನ್ನು ಯಾರು ನಂಬಬೇಕು?

ಎರಡನೆಯ ಸಮರ್ಥನೆ ಬಾಳಿಕೆಯದು. ಬೆರಳಿಗೆ ಬೆವರು, ನೀರು, ಸಾಬೂನು ತಪ್ಪಿದ್ದಲ್ಲ. ರಕ್ಷಣೆಯಿಲ್ಲದ ಮರ ಉಬ್ಬುತ್ತದೆ, ಸೀಳುತ್ತದೆ. ಸೂಪರ್ ಗ್ಲೂ ಪದರ ಗಟ್ಟಿ, ಅದರೊಳಕ್ಕೆ ನೀರು ಇಳಿಯದು. ಇದರಲ್ಲಿ ಸತ್ಯವಿದೆ. ಆದರೆ ಈ ಪದರ ಗಡುಸಾದದ್ದು, ಬಾಗದು. ಕಲ್ಲಿಗೆ ಬಡಿದು ಒಂದು ಕಡೆ ಚಕ್ಕೆ ಎದ್ದರೆ ಅಲ್ಲಿಂದ ನೀರು ಒಳನುಗ್ಗಿ ಪದರದಡಿಯ ಮರ ಕಪ್ಪಾಗುತ್ತದೆ. ಅದನ್ನು ಮನೆಯಲ್ಲಿ ಸರಿಪಡಿಸುವ ದಾರಿ ಕೊಂಡವರಿಗೆ ಗೊತ್ತಿಲ್ಲ. ಉಂಗುರ ಕಸದ ಪಾಲಾಗುತ್ತದೆ. ಹಾಗೆ ಬಿಸಾಡಿದ ಉಂಗುರ ಗೊಬ್ಬರದ ಗುಂಡಿಗೂ ಸಲ್ಲದು, ಮರುಬಳಕೆಯ ಬುಟ್ಟಿಗೂ ಸಲ್ಲದು. ಅದರ ಜೊತೆಗೆ, ಅರ್ಧಂಬರ್ಧ ಅಂಟು ಒಣಗಿ ನಿಂತ ಪುಟ್ಟ ಟ್ಯೂಬುಗಳ ರಾಶಿ ಬೇರೆ.

ಆಸ್ಪತ್ರೆಯಲ್ಲಿ ಗಾಯವನ್ನೇ ಇದರಿಂದ ಅಂಟಿಸುತ್ತಾರಲ್ಲ ಎಂಬುದು ಮೂರನೆಯದು. ವೈದ್ಯರು ಬಳಸುವುದು ಅದೇ ಕುಟುಂಬದ ಬೇರೆ ದ್ರವ್ಯ; ಶುದ್ಧೀಕರಿಸಿ, ಅದಕ್ಕೆಂದೇ ತಯಾರಿಸಿ, ಪರೀಕ್ಷಿಸಿ ಒಪ್ಪಿಗೆ ಪಡೆದದ್ದು. ಅಂಗಡಿಯ ಟ್ಯೂಬಿಗೆ ಆ ಪ್ರಮಾಣಪತ್ರವನ್ನು ಅಂಟಿಸಲು ಬಾರದು.

ಉಂಗುರದ ಬೆಸುಗೆಗೆ, ಬಿರುಕಿಗೆ ಒಂದು ಹನಿ ಅಂಟು ಬಳಸುವುದು ಬೇರೆ, ಇಡೀ ಉಂಗುರಕ್ಕೆ ಪ್ಲಾಸ್ಟಿಕ್ಕಿನ ಅಂಗಿ ತೊಡಿಸಿ ಅದನ್ನು ನೈಸರ್ಗಿಕವೆನ್ನುವುದು ಬೇರೆ. ಆಕ್ಷೇಪವಿರುವುದು ಎರಡನೆಯದಕ್ಕೆ.

ಮರೆತುಹೋದ ಅರಗು

ವಿಪರ್ಯಾಸವೆಂದರೆ, ಮರಕ್ಕೆ ಹೊಳಪು ಕೊಡುವ ವಿದ್ಯೆಯನ್ನು ಯುದ್ಧಕಾಲದ ಪ್ರಯೋಗಶಾಲೆಯಿಂದ ಎರವಲು ತರಬೇಕಾದ ನಾಡು ಇದಲ್ಲ. ಚನ್ನಪಟ್ಟಣದ ಕುಶಲಕರ್ಮಿಗಳು ಆಲೆಮರದ ತುಂಡನ್ನು ಕಡೆದು, ತಿರುಗುತ್ತಿರುವಾಗಲೇ ಅದಕ್ಕೆ ಅರಗಿನ ಕಡ್ಡಿಯನ್ನು ಒತ್ತುತ್ತಾರೆ. ಉಜ್ಜುವಿಕೆಯ ಕಾವಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ತಾಳೆಗರಿ ಹಿಡಿದು ತಿಕ್ಕಿದರೆ ಹೊಳಪು. ಆವಿಯಿಲ್ಲ, ಟ್ಯೂಬಿಲ್ಲ, ಒಣಗಲು ಕಾಯುವ ಕೆಲಸವಿಲ್ಲ. ಆಟಿಕೆಗೆ, ಬಳೆಗೆ ಸಲ್ಲುವ ಈ ಕ್ರಮ ಉಂಗುರಕ್ಕೆ ಏಕೆ ಸಲ್ಲದು?

ಅರಗು ಒಂದು ಪುಟ್ಟ ಕೀಟ ಸ್ರವಿಸುವ ರಾಳ. ಮುತ್ತುಗ, ಬೋರೆ, ಕುಸುಮ್ ಮರಗಳ ಎಳೆಯ ರೆಂಬೆಗಳ ಮೇಲೆ ಈ ಕೀಟಗಳು ಬಾಳುತ್ತವೆ. ಜಾರ್ಖಂಡ್, ಛತ್ತೀಸ್‌ಗಢಗಳ ಆದಿವಾಸಿ ಕುಟುಂಬಗಳಿಗೆ ಅದು ಆದಾಯ. ಅರಗಿನ ಅಧ್ಯಯನಕ್ಕೆಂದೇ ರಾಂಚಿಯಲ್ಲಿ 1924ರಲ್ಲಿ ಸಂಶೋಧನಾ ಸಂಸ್ಥೆಯೊಂದು ಆರಂಭವಾಯಿತು. ಇದರ ಆರ್ಥಿಕತೆಯಲ್ಲಿ ಒಂದು ಪಾಠವಿದೆ: ಮರ ನಿಂತಿದ್ದರೆ ಮಾತ್ರ ಅರಗು. ಕಡಿದ ಮರ ಒಮ್ಮೆ ಹಣ ಕೊಡುತ್ತದೆ, ನಿಂತ ಮರ ವರ್ಷ ವರ್ಷವೂ ಕೊಡುತ್ತದೆ. ಅರಗನ್ನು ಕೊಳ್ಳುವ ಪ್ರತಿಯೊಬ್ಬ ಉಂಗುರಗಾರನೂ ಎಲ್ಲೋ ಒಂದು ಮುತ್ತುಗದ ಮರಕ್ಕೆ ನಿಲ್ಲುವ ಕಾರಣವನ್ನು ಕೊಡುತ್ತಾನೆ. ಸೂಪರ್ ಗ್ಲೂ ಕೊಳ್ಳುವವನು ಯಾವ ಮರಕ್ಕೂ ಅಂಥ ಕಾರಣ ಕೊಡಲಾರ.

ಅರಗು ದೋಷರಹಿತವೆಂದು ಹೇಳುವಂತಿಲ್ಲ. ಬಿಸಿಗೆ ಅದು ಮೆದುವಾಗುತ್ತದೆ. ಸ್ಪಿರಿಟ್ ತಾಗಿದರೆ ಕರಗುತ್ತದೆ, ಆದ್ದರಿಂದ ಕೈಶುದ್ಧಿಯ ದ್ರಾವಣಕ್ಕೆ ಅಂಜುತ್ತದೆ. ನೀರಿನಲ್ಲಿ ಬಹಳ ಹೊತ್ತು ಇದ್ದರೆ ಬೆಳ್ಳಗಾಗುತ್ತದೆ. ಆದರೆ ಕರಗುವ ಗುಣವೇ ಅದರ ದುರಸ್ತಿಯ ಗುಣವೂ ಹೌದು. ಮಂಕಾದ ಉಂಗುರಕ್ಕೆ ಮತ್ತೆ ಅರಗು ಹಚ್ಚಿದರೆ ಹೊಸ ಪದರ ಹಳೆಯದರೊಂದಿಗೆ ಬೆರೆತು ಒಂದಾಗುತ್ತದೆ. ಹಳೆಯದನ್ನು ಕೆರೆದು ಬಿಸಾಡುವ ಪ್ರಮೇಯವಿಲ್ಲ.

ಅರಗೂ ಬೇಡವೆನ್ನುವವರಿಗೆ ಅಗಸೆ ಎಣ್ಣೆ, ಜೇನುಮೇಣಗಳಿವೆ. ಅಗಸೆ ಎಣ್ಣೆ ಗಾಳಿ ತಾಗಿ ನಿಧಾನವಾಗಿ ಗಟ್ಟಿಯಾಗುತ್ತದೆ. ಒರೆಸಿದ ಎಣ್ಣೆಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತಾನೇ ಕಾದು ಹೊತ್ತಿಕೊಳ್ಳುವ ಅಪಾಯವಿರುವುದರಿಂದ ಅದನ್ನು ಬಿಡಿಸಿ ಒಣಗಿಸಬೇಕು, ಇಲ್ಲವೆ ನೀರಿನಲ್ಲಿ ನೆನೆಸಬೇಕು. ಬೈನೆಯ ಕಪ್ಪು ಕಾಷ್ಠ, ಹುಣಸೆ, ತೆಂಗಿನ ಕರಟದಂಥ ಗಟ್ಟಿ ವಸ್ತುಗಳಿಗಂತೂ ತಾಳ್ಮೆಯಿಂದ ನಯವಾಗಿ ಉಜ್ಜಿದರೆ ತಮ್ಮದೇ ಹೊಳಪು ಬರುತ್ತದೆ. ಮಲೆನಾಡಿನ ಹಳೆಯ ಮನೆಗಳ ಕಡಗೋಲು, ಕತ್ತಿಯ ಹಿಡಿ, ಒನಕೆಗಳನ್ನು ನೋಡಿದರೆ ಸಾಕು. ಅವುಗಳಿಗೆ ಯಾರೂ ವಾರ್ನಿಷ್ ಬಳಿಯಲಿಲ್ಲ. ಕೈಗಳ ಬಳಕೆಯೇ ಅವುಗಳನ್ನು ನಯಗೊಳಿಸಿತು. ಸಾಗರ, ಸೊರಬಗಳ ಗುಡಿಗಾರರ ಕೆಲಸಕ್ಕೆ ಹೆಸರು ಬಂದದ್ದೂ ಉಳಿಯ ಸೂಕ್ಷ್ಮತೆಯಿಂದಲೇ ಹೊರತು ಗಾಜಿನ ಥಳಕಿನಿಂದಲ್ಲ.

‘ಬಳಸು’ ಎಂಬ ಮೂರನೆಯ ಮಾತು

1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಕಾಡಿಗೆ ನಡೆದು ಮರಗಳನ್ನು ಅಪ್ಪಿಕೊಂಡರು. ಆ ಅಪ್ಪಿಕೋ ಚಳವಳಿ ನಾಡಿಗೆ ಕೊಟ್ಟ ಘೋಷಣೆ ‘ಉಳಿಸು, ಬೆಳೆಸು, ಬಳಸು’. ಮೊದಲೆರಡು ಮಾತುಗಳ ಮೇಲೆ ಸಾಕಷ್ಟು ಚರ್ಚೆ, ಪಾದಯಾತ್ರೆ, ಸಸಿ ನೆಡುವಿಕೆ ನಡೆದಿವೆ. ಮೂರನೆಯದು ಮಾತ್ರ ಮಾರುಕಟ್ಟೆಯ ಕೈಗೆ ಬಿಟ್ಟುಹೋಗಿದೆ. ಬಳಸುವುದೆಂದರೆ ಕಡಿದದ್ದನ್ನು ಮಾರುವುದಷ್ಟೇ ಅಲ್ಲ. ಹೇಗೆ ಬಳಸಿದರೆ ವಸ್ತು ಕೊನೆಗೆ ಮಣ್ಣಿಗೆ ಮರಳುತ್ತದೆ, ಹೇಗೆ ಬಳಸಿದರೆ ಮಾಡಿದವರ ಶ್ವಾಸಕೋಶ ಉಳಿಯುತ್ತದೆ ಎಂಬ ವಿವೇಕವೂ ಅದರಲ್ಲಿ ಸೇರಿದೆ. ಮರವನ್ನು ಅಪ್ಪಿ ಉಳಿಸಿದ ನೆಲದಲ್ಲಿ ಅದೇ ಮರದ ತುಂಡಿಗೆ ಪ್ಲಾಸ್ಟಿಕ್ ಹೊದಿಸಿ ‘ಪ್ರಕೃತಿ’ ಎಂದು ಮಾರುವುದು ಆ ಮೂರನೆಯ ಮಾತಿಗೆ ಬಗೆಯುವ ದ್ರೋಹ.

ಇದು ನೀತಿಯ ಮಾತು ಮಾತ್ರವಲ್ಲ, ಕಾನೂನಿನ ಮಾತೂ ಹೌದು. ಸುಳ್ಳು ಪರಿಸರ ಹೇಳಿಕೆಗಳನ್ನು ತಡೆಯಲು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2024ರ ಅಕ್ಟೋಬರ್‌ನಲ್ಲಿ ಮಾರ್ಗಸೂಚಿ ಹೊರಡಿಸಿತು. ‘ಪರಿಸರಸ್ನೇಹಿ’ಯಂಥ ಸಾರಾಸಗಟು ಮಾತುಗಳನ್ನು ಆಧಾರವಿಲ್ಲದೆ, ವಿವರಣೆಯಿಲ್ಲದೆ ಬಳಸುವಂತಿಲ್ಲ ಎಂಬುದು ಅದರ ತಿರುಳು. ಗ್ರಾಹಕರು ದೂರು ಕೊಡಲು 1915 ಎಂಬ ರಾಷ್ಟ್ರೀಯ ಸಹಾಯವಾಣಿಯೂ ಇದೆ.

ಆದರೆ ಉಂಗುರ ಮಾಡಿ ನಾಲ್ಕು ಕಾಸು ಕಾಣುವ ಯುವಕರ ಮೇಲೆ ದೂರು ಹೊತ್ತು ಓಡುವುದು ಈ ಬರಹದ ಉದ್ದೇಶವಲ್ಲ. ಗಾಜಿನಂಥ ಹೊಳಪನ್ನು ಬಯಸಿದವರು ಕೊಳ್ಳುವವರು, ಅದಕ್ಕೆ ಹೆಚ್ಚು ಬೆಲೆ ಕಟ್ಟಿದವರು ಮಳಿಗೆಯವರು. ಆವಿ ಕುಡಿಯುತ್ತಿರುವವರು ಮಾತ್ರ ಮಾಡುವವರು. ಆದ್ದರಿಂದ ಮೊದಲ ಹೊಣೆ ಮಳಿಗೆಗಳದ್ದು: ಯಾವ ಮರ, ಯಾವ ಲೇಪನ ಎಂಬುದನ್ನು ಚೀಟಿಯ ಮೇಲೆ ನೇರವಾಗಿ ಬರೆಯಲಿ, ಸೂಪರ್ ಗ್ಲೂ ಬಳಿದಿದ್ದರೆ ಹಾಗೆಂದೇ ಬರೆಯಲಿ, ‘ನೈಸರ್ಗಿಕ’ ಎಂಬುದನ್ನು ಅಳಿಸಲಿ. ಎರಡನೆಯ ಹೊಣೆ ತರಬೇತಿ ಶಿಬಿರಗಳನ್ನು ನಡೆಸುವ ಸಂಘಗಳದ್ದು: ಅರಗಿನ ಕೆಲಸ ಬಲ್ಲ ಹಿರಿಯರನ್ನು ಕರೆಸಿ ಯುವಜನರಿಗೆ ಕಲಿಸಲಿ, ಅಂಟು ಬಳಸಲೇಬೇಕೆನ್ನುವವರಿಗೆ ತೆರೆದ ಗಾಳಿ, ಆವಿ ತಡೆಯುವ ಮುಖಗವಸು, ಕನ್ನಡಕಗಳ ಪಾಠವನ್ನು ಮೊದಲು ಹೇಳಲಿ. ಮೂರನೆಯ ಹೊಣೆ ಕೊಳ್ಳುವವರದ್ದು. ಉಂಗುರವನ್ನು ಕೈಗೆತ್ತಿಕೊಂಡ ವಿದ್ಯಾರ್ಥಿ ಬೆಲೆಗಿಂತ ಮೊದಲು ‘ಇದಕ್ಕೆ ಏನು ಬಳಿದಿದ್ದೀರಿ?’ ಎಂದು ಕೇಳಲಿ. ಆ ಪ್ರಶ್ನೆಗೆ ಉತ್ತರ ಕೊಡಲಾರದ ಮಳಿಗೆಯಲ್ಲಿ ಉಂಗುರವನ್ನು ಅಲ್ಲೇ ಇಟ್ಟು ಬರಲಿ.